ಹೊಸ ವೆಬ್‌ಸೈಟ್ ಮಾಡ್ಸಿದ್ಮೇಲೆ ಎನ್‌ಕ್ವೈರಿನೇ ನಿಂತೋಯ್ತು, ಡಿಸೈನ್‌ನಲ್ಲಿ ಏನ್ ತಪ್ಪಿರಬಹುದು?

ಮರದಕೆಲಸ
ಎಲ್ಲರಿಗೂ ನಮಸ್ಕಾರ. ನಮ್ದು ಚಿಕ್ಕ ಬಿಸಿನೆಸ್, ಹಳೇ ಸೋಫಾ, ಮಂಚ, ಟೇಬಲ್ ರಿಪೇರಿ ಮತ್ತೆ ಪಾಲಿಶ್ ಕೆಲಸ. ಹಳೇ ವೆಬ್‌ಸೈಟ್ ನೋಡೋಕೆ ಸುಮಾರಾಗಿತ್ತು, ನಾಲ್ಕೈದು ಪೇಜು, ಮೇಲೆ ಫೋನ್ ನಂಬರ್ರು, ಕೆಳಗೆ ಒಂದಷ್ಟು ಫೋಟೋ, ಅಷ್ಟೇ. ಆದ್ರೂ ಅದನ್ನ ನೋಡ್ಕೊಂಡು ಜನ ಫೋನ್ ಮಾಡೋರು. ಪಾರ್ಟ್‌ನರ್‌ಗೆ ಅದು ನಾಚಿಕೆ ಅನ್ಸೋದು, ಅದಕ್ಕೆ ಒಂದು ಏಜೆನ್ಸಿಗೆ ಕೊಟ್ಟು ಪೂರ್ತಿ ಹೊಸದು ಮಾಡ್ಸಿದ್ವಿ. ಈಗ ಮೇಲೆ ಫುಲ್ ಸ್ಕ್ರೀನ್ ಸ್ಲೈಡರ್ (ಒಂದಾದ್ಮೇಲೊಂದು ತಾನಾಗೇ ಬದಲಾಗೋ ಚಿತ್ರಗಳು), ಮೊದಲ್ನೇ ಸ್ಲೈಡಲ್ಲಿ ವಿಡಿಯೋ, ಸ್ಕ್ರೋಲ್ ಮಾಡಿದ್ರೆ ಅಕ್ಷರ ಎಲ್ಲಾ ತೇಲ್ಕೊಂಡು ಬರತ್ತೆ, ನೋಡಿದೋರೆಲ್ಲ ಸೂಪರ್ ಅಂದ್ರು. ಆದ್ರೆ ಹೊಸ ಸೈಟ್ ಬಂದ್ಮೇಲೆ ಫಾರ್ಮ್‌ನಿಂದ ಒಂದೂ ಮೆಸೇಜ್ ಇಲ್ಲ, ಫೋನ್ ಕೂಡ ತುಂಬಾ ಕಮ್ಮಿ. ಏಜೆನ್ಸಿಯೋರನ್ನ ಕೇಳಿದ್ರೆ ಸೈಟ್ ಪರ್ಫೆಕ್ಟಾಗಿದೆ ಸರ್, ನೀವು ಆಡ್ ಹಾಕ್ಬೇಕು ಅಂತಾರೆ. ಆಡ್ ಹಾಕೋಕ್ ಮುಂಚೆ ಇಲ್ಲಿ ತಿಳಿದೋರನ್ನ ಕೇಳೋಣ ಅನ್ಸ್ತು. ಎಲ್ಲಿಂದ ನೋಡೋಕೆ ಶುರು ಮಾಡ್ಲಿ?

ಪಿಕ್ಸೆಲ್‌ಪುಟ್ಟ
ಸ್ಲೈಡರ್ ಅಂದ್ರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ತು ಸರ್ 😀 ಅಮೆರಿಕದ ನೋಟ್ರೆ ಡೇಮ್ ಯೂನಿವರ್ಸಿಟಿಯೋರು 2013ರಲ್ಲಿ ಅವರದ್ದೇ ಹೋಮ್‌ಪೇಜಿನ ಸ್ಲೈಡರ್ ಲೆಕ್ಕ ಬಯಲಿಗೆ ಇಟ್ಟಿದ್ರು, ಬಂದೋರಲ್ಲಿ ನೂರಕ್ಕೆ ಒಬ್ಬರಷ್ಟು ಜನ ಅದನ್ನ ಕ್ಲಿಕ್ ಮಾಡಿದ್ದು, ಆ ಕ್ಲಿಕ್ಕಲ್ಲೂ ಬಹುಪಾಲು ಮೊದಲ್ನೇ ಸ್ಲೈಡಿಗೇ ಹೋಗಿತ್ತು. ಮೂರ್ನೇ ನಾಕ್ನೇ ಸ್ಲೈಡಲ್ಲಿ ಏನ್ ಇಟ್ರೂ ಅದು ಇಲ್ಲದ ಹಾಗೇನೇ. ಸ್ಲೈಡರ್ ಯಾಕ್ ಇರತ್ತೆ ಅಂದ್ರೆ ಮೀಟಿಂಗಲ್ಲಿ ಮೇಲೆ ಏನ್ ಹಾಕ್ಬೇಕು ಅಂತ ಯಾರಿಗೂ ತೀರ್ಮಾನ ಮಾಡೋಕಾಗಲ್ಲ, ಎಲ್ಲಾನೂ ಹಾಕ್ಬಿಡೋಣ ಅಂತಾರೆ.

ಸರ್ವರ್‌ರೂಮ್
ಪುಟ್ಟ, ಸ್ಲೈಡರ್ ಬಗ್ಗೆ ಆಮೇಲೆ ಜಗಳ ಆಡೋಣ. "ಒಂದೂ ಮೆಸೇಜ್ ಇಲ್ಲ" ಅಂದಿದಾರೆ ನೋಡು. ಕಮ್ಮಿ ಆಯ್ತು ಅಂದ್ರೆ ಡಿಸೈನ್ ಅನ್ಬಹುದು, ಸೊನ್ನೆ ಆಯ್ತು ಅಂದ್ರೆ ಏನೋ ಮುರಿದಿದೆ. @ಮರದಕೆಲಸ, ಈಗ್ಲೇ ನಿಮ್ಮ ಫೋನ್ ತಗೊಂಡು, ವೈಫೈ ಆಫ್ ಮಾಡಿ, ನಿಮ್ಮದಲ್ಲದ ಇಮೇಲ್ ಅಡ್ರೆಸ್ ಹಾಕಿ ಫಾರ್ಮ್ ತುಂಬ್ಸಿ ಕಳ್ಸಿ ನೋಡಿ. ಆಮೇಲೆ ಇನ್‌ಬಾಕ್ಸ್, ಸ್ಪ್ಯಾಮ್ ಎರಡೂ ನೋಡಿ ಇಲ್ಲಿ ಹೇಳಿ.

ಮರದಕೆಲಸ
ಮಾಡಿದೆ ಸರ್. "ಧನ್ಯವಾದ, ನಿಮ್ಮ ಸಂದೇಶ ತಲುಪಿದೆ" ಅಂತ ಹಸಿರು ಬಣ್ಣದಲ್ಲಿ ಬಂತು. ಇನ್‌ಬಾಕ್ಸಲ್ಲಿ ಇಲ್ಲ. ಸ್ಪ್ಯಾಮಲ್ಲೂ ಇಲ್ಲ. ನನ್ನ ಜಿಮೇಲ್ ಹಾಕಿ ಇನ್ನೊಂದ್ಸಲ ಕಳಿಸಿದೆ, ಅದು ಸ್ಪ್ಯಾಮಲ್ಲಿ ಕೂತಿದೆ. ಜೊತೆಗೆ ಬೇರೆ ಜನ ಕಳಿಸಿದ್ದೂ ಕೆಲವು ಸ್ಪ್ಯಾಮಲ್ಲಿ ಇದಾವೆ!! ಒಬ್ರು ಪೂರ್ತಿ ಡೈನಿಂಗ್ ಸೆಟ್ ಬಗ್ಗೆ ಕೇಳಿದಾರೆ, ಪಾಪ ಉತ್ತರಕ್ಕೆ ಕಾದು ಬೇರೆ ಕಡೆ ಹೋಗಿರ್ತಾರೆ.

ಸರ್ವರ್‌ರೂಮ್
ಅಂದ್ಕೊಂಡೆ. ಚಿಕ್ಕ ಬಿಸಿನೆಸ್ ಸೈಟುಗಳಲ್ಲಿ ಇದಕ್ಕಿಂತ ದುಬಾರಿ ತಪ್ಪು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ, ಯಾಕಂದ್ರೆ ಇದು ಕಣ್ಣಿಗೆ ಕಾಣಲ್ಲ. ಆ ಹಸಿರು ಮೆಸೇಜ್ ಅರ್ಥ "ಸರ್ವರ್ ಮೇಲ್ ಕಳ್ಸೋಕೆ ಒಪ್ಕೊಳ್ತು" ಅಂತ ಅಷ್ಟೇ, ನಿಮಗೆ ತಲುಪ್ತು ಅಂತ ಅಲ್ಲ.

ಏನಾಗ್ತಿದೆ ಅಂದ್ರೆ, ಫಾರ್ಮ್ ತುಂಬ್ಸಿದೋರ ಇಮೇಲ್‌ನೇ "ಕಳಿಸಿದವರು" ಜಾಗದಲ್ಲಿ ಹಾಕಿ ನಿಮ್ಮ ಹೋಸ್ಟಿಂಗ್ ಸರ್ವರ್ (ಸೈಟ್ ಇಟ್ಟಿರೋ ಕಂಪ್ಯೂಟರ್) ಮೇಲ್ ಕಳಿಸ್ತಿದೆ. ಮೇಲ್ ತಗೊಳ್ಳೋ ಕಡೆಯೋರು ನೋಡ್ತಾರೆ, ಇದು ಯಾಹೂ ಅಡ್ರೆಸ್ಸಿಂದ ಬಂದಿದೆ ಅಂತ ಹೇಳತ್ತೆ ಆದ್ರೆ ಬಂದಿರೋದು ಯಾವುದೋ ಶೇರ್ಡ್ ಸರ್ವರಿಂದ, ಅಂದ್ರೆ ನಕಲಿ. ಯಾಹೂ 2014ರಲ್ಲೇ ಡಿಮಾರ್ಕ್ ಪಾಲಿಸಿ (ನಮ್ಮ ಹೆಸರಲ್ಲಿ ಬರೋ ನಕಲಿ ಮೇಲನ್ನ ಏನ್ ಮಾಡ್ಬೇಕು ಅಂತ ಹೇಳೋ ನಿಯಮ) ಬಿಗಿ ಮಾಡಿ ಇಂಥದ್ದನ್ನ ತಿರಸ್ಕರಿಸಿ ಅಂತ ಹೇಳ್ಬಿಡ್ತು. 2024 ಫೆಬ್ರವರಿಯಿಂದ ಜಿಮೇಲ್ ಕೂಡ ಯಾರೇ ಮೇಲ್ ಕಳ್ಸಿದ್ರೂ ಆ ಡೊಮೈನಿಗೆ (ಇಮೇಲಲ್ಲಿ @ ಆದ್ಮೇಲೆ ಬರೋ ಸೈಟಿನ ಹೆಸರು) ಎಸ್‌ಪಿಎಫ್ (ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನೋ ಪಟ್ಟಿ) ಅಥವಾ ಡಿಕಿಮ್ (ಮೇಲಿಗೆ ಹಾಕೋ ಡಿಜಿಟಲ್ ಸಹಿ) ಎರಡರಲ್ಲಿ ಒಂದಾದ್ರೂ ಇರ್ಬೇಕು ಅಂತಿದೆ, ದಂಡಿಯಾಗಿ ಕಳಿಸೋರಿಗೆ ಎರಡೂ ಬೇಕು. ಹಾಗಾಗಿ ಕೆಲವು ಸ್ಪ್ಯಾಮಿಗೆ ಬೀಳತ್ತೆ, ಕೆಲವು ಬಾಗಿಲಲ್ಲೇ ವಾಪಸ್, ನಿಮಗೆ ಗೊತ್ತೂ ಆಗಲ್ಲ.

ಏಜೆನ್ಸಿಗೆ ಹಿಂಗೆ ಹೇಳಿ: ಕಳಿಸೋ ಅಡ್ರೆಸ್ ನಮ್ಮ ಡೊಮೈನಿಂದೇ ಇರ್ಲಿ, ಗ್ರಾಹಕರ ಇಮೇಲು ರಿಪ್ಲೈ-ಟು (ಉತ್ತರ ಹೋಗೋ ಅಡ್ರೆಸ್) ಜಾಗಕ್ಕೆ ಹೋಗ್ಲಿ, ಪಾಸ್‌ವರ್ಡ್ ಇರೋ ಎಸ್‌ಎಂಟಿಪಿ (ಮೇಲ್ ಕಳಿಸೋ ವ್ಯವಸ್ಥೆ) ಮೂಲಕ ಕಳ್ಸಿ, ಎಸ್‌ಪಿಎಫ್ ಡಿಕಿಮ್ ರೆಕಾರ್ಡ್ ಡಿಎನ್‌ಎಸ್‌ಗೆ (ಡೊಮೈನಿನ ಸೆಟ್ಟಿಂಗ್ ಪಟ್ಟಿ) ಹಾಕಿ. ಮತ್ತೆ ಎಲ್ಲಕ್ಕಿಂತ ಮುಖ್ಯ, ಪ್ರತಿ ಮೆಸೇಜಿನ ಒಂದು ಕಾಪಿ ಸೈಟಿನ ಡೇಟಾಬೇಸಲ್ಲೂ ಉಳೀಲಿ, ಮೇಲ್ ಕಳೆದೋದ್ರೂ ಗ್ರಾಹಕ ಕಳೆದೋಗಬಾರ್ದು.

ಹೊಸಬ
ಒಂದು ಡೌಟ್, ಹಂಗಾದ್ರೆ ಫಾರ್ಮೇ ತೆಗೆದು ಬರೀ ಫೋನ್ ನಂಬರು, ವಾಟ್ಸಾಪ್ ಬಟನ್ ಇಟ್ರೆ ಆಗಲ್ವಾ?

ಸರ್ವರ್‌ರೂಮ್
ಫೋನ್ ಮಾಡೋಕೆ ಇಷ್ಟ ಪಡದವ್ರು ಇರ್ತಾರೆ, ರಾತ್ರಿ ಹನ್ನೊಂದಕ್ಕೆ ನೋಡ್ತಾ ಇರೋರು ಇರ್ತಾರೆ. ಮೂರೂ ಇರ್ಲಿ, ಆದ್ರೆ ಮೂರೂ ಕೆಲಸ ಮಾಡ್ಬೇಕು. ವಾರಕ್ಕೊಂದ್ಸಲ ಯಾರಾದ್ರೂ ಒಬ್ರು ಸ್ವಂತ ಫಾರ್ಮನ್ನ ತಾವೇ ತುಂಬ್ಸಿ ನೋಡೋ ಅಭ್ಯಾಸ ಇಟ್ಕೊಳ್ಳಿ.

ಬರಹದವಳು
ಸೈಟ್ ತೆಗೆದು ನೋಡಿದೆ ಸರ್ (ನೀವು ಮೆಸೇಜಲ್ಲಿ ಲಿಂಕ್ ಕಳಿಸಿದ್ದಕ್ಕೆ ಥ್ಯಾಂಕ್ಸ್). ತಪ್ಪು ತಿಳ್ಕೋಬೇಡಿ, ನೇರವಾಗಿ ಹೇಳ್ತೀನಿ. ತೆರೆದ ತಕ್ಷಣ ದೊಡ್ಡದಾಗಿ "ನಿಮ್ಮ ಕನಸುಗಳಿಗೆ ಹೊಸ ಆಯಾಮ" ಅಂತ ಇದೆ. ಅದು ಮದ್ವೆ ಹಾಲ್ ಇರಬಹುದು, ಇನ್ಶೂರೆನ್ಸ್ ಇರಬಹುದು, ಕೋಚಿಂಗ್ ಸೆಂಟರ್ ಇರಬಹುದು. ಸೋಫಾ ಅನ್ನೋ ಪದ ಸಿಗೋಕೆ ನಾನು ಮೂರು ಸ್ಕ್ರೀನ್ ಕೆಳಗೆ ಹೋಗ್ಬೇಕಾಯ್ತು. ರಿಪೇರಿ ಅನ್ನೋ ಪದ ಅಂತೂ ಹೋಮ್‌ಪೇಜಲ್ಲೇ ಇಲ್ಲ, "ಪುನರುಜ್ಜೀವನ" ಅಂತಿದೆ. ಯಾರು ಸರ್ ಗೂಗಲ್‌ನಲ್ಲಿ ಸೋಫಾ ಪುನರುಜ್ಜೀವನ ಅಂತ ಹುಡುಕ್ತಾರೆ?

ಕಾಲು ಮುರಿದಿರೋ ಮಂಚ ಇಟ್ಕೊಂಡು ಬಂದಿರೋ ಮನುಷ್ಯನ ತಲೇಲಿ ಇರೋದು ಮೂರ್ನಾಲ್ಕೇ ಪ್ರಶ್ನೆ. ಇವ್ರು ಇದನ್ನ ರಿಪೇರಿ ಮಾಡ್ತಾರಾ? ನಮ್ಮ ಕಡೆ ಬರ್ತಾರಾ? ಅಂದಾಜು ಎಷ್ಟಾಗತ್ತೆ? ಹೆಂಗ್ ಕೇಳೋದು? ಈ ನಾಲ್ಕಕ್ಕೆ ಉತ್ತರ ಸ್ಕ್ರೋಲ್ ಮಾಡೋಕ್ ಮುಂಚೆ ಸಿಗ್ಬೇಕು, ಕನಸು ಆಯಾಮ ಎಲ್ಲಾ ಆಮೇಲೆ. ನಿಮ್ಮ ಹಳೇ ಸೈಟಲ್ಲಿ ಏನಂತ ಇತ್ತು?

ಮರದಕೆಲಸ
"ಹಳೇ ಸೋಫಾ, ಮಂಚ, ಟೇಬಲ್ ರಿಪೇರಿ ಮತ್ತು ಪಾಲಿಶ್. ಮನೆಗೇ ಬಂದು ನೋಡ್ತೀವಿ." ಅದರ ಕೆಳಗೆ ನಂಬರ್. ನಾನೇ ಬರೆದಿದ್ದು.

ಬರಹದವಳು
ಅದನ್ನೇ ವಾಪಸ್ ಹಾಕಿ ಸರ್. ಹಂಗೇ, ಒಂದಕ್ಷರ ಬದಲಾಯಿಸ್ಬೇಡಿ.

ಪಿಕ್ಸೆಲ್‌ಪುಟ್ಟ
ಲಿಂಕ್ ನಂಗೂ ಬಂತು. ನಾನೂ ಡಿಸೈನರ್ರೇ, ಅದಕ್ಕೆ ಹೇಳ್ತೀನಿ, ಕಣ್ಣಿಗೆ ಇದು ಚೆನ್ನಾಗೇ ಇದೆ, ಬಣ್ಣ ಸ್ಪೇಸಿಂಗ್ ಎಲ್ಲಾ ನೀಟು. ತಪ್ಪಾಗಿರೋದು ಎಲ್ಲಿ ಅಂದ್ರೆ ಇದನ್ನ ದೊಡ್ಡ ಮಾನಿಟರಲ್ಲಿ, ಆಫೀಸ್ ವೈಫೈಯಲ್ಲಿ, ಪ್ರೆಸೆಂಟೇಶನ್ ಮಾಡೋಕೆ ಅಂತ ಮಾಡಿದಾರೆ. ನನ್ನ ಫೋನಲ್ಲಿ ಮೊಬೈಲ್ ಡೇಟಾ ಹಾಕ್ಕೊಂಡು ತೆಗೆದೆ, ಬಿಳಿ ಸ್ಕ್ರೀನು, ಆಮೇಲೆ ಲೋಗೋ ಸುತ್ತೋದು, ಆಮೇಲೆ ವಿಡಿಯೋ ಅರ್ಧಂಬರ್ಧ, ಅಷ್ಟರಲ್ಲಿ ಯಾರಾದ್ರೂ ಬ್ಯಾಕ್ ಒತ್ತಿರ್ತಾರೆ. ಗೂಗಲ್ ಪ್ರಕಾರ ಪೇಜಿನ ಮುಖ್ಯ ಭಾಗ ಎರಡೂವರೆ ಸೆಕೆಂಡ್ ಒಳಗೆ ಕಾಣ್ಬೇಕು, ಎಲ್‌ಸಿಪಿ ಅಂತಾರೆ ಅದಕ್ಕೆ, ಅದೂ ನೂರರಲ್ಲಿ ಎಪ್ಪತ್ತೈದು ವಿಸಿಟಿಗೆ.

ಮತ್ತೆ ಆ ಕೆಲಸದ ಫೋಟೋಗಳು! ಫೋನಲ್ಲಿ ತೆಗೆದಿದ್ದನ್ನ ಹಂಗೇ ಅಪ್ಲೋಡ್ ಮಾಡಿದಾರೆ ಅನ್ಸತ್ತೆ, ಒಂದೊಂದೂ 4000 ಬೈ 3000 ಪಿಕ್ಸೆಲ್. ಫೋನ್ ಸ್ಕ್ರೀನಿನ ಅಗಲ ನಿಜವಾದ ಪಿಕ್ಸೆಲ್ ಲೆಕ್ಕದಲ್ಲಿ ಸಾವಿರದ ಚಿಲ್ಲರೆ ಇರತ್ತೆ ಅಷ್ಟೇ. ಡೌನ್‌ಲೋಡ್ ಸೈಜ್ ಒಂದ್ ಕಡೆ, ಬಿಚ್ಚಿದ್ಮೇಲೆ ಅಂಥ ಒಂದ್ ಫೋಟೋ ಮೆಮೊರಿಯಲ್ಲಿ ಸುಮಾರು 48 ಎಂಬಿ ಹಿಡಿಯತ್ತೆ, ಗ್ಯಾಲರಿಲಿ ಇಪ್ಪತ್ತು ಫೋಟೋ ಇದ್ರೆ ಕಮ್ಮಿ ರ‍್ಯಾಮ್ ಇರೋ ಫೋನು ಒದ್ದಾಡತ್ತೆ. 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಫಾರ್ಮ್ಯಾಟಲ್ಲಿ ಸೇವ್ ಮಾಡಿದ್ರೆ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ, ಸೈಜ್ ಮಾತ್ರ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ ಆದ್ರೂ ಆಶ್ಚರ್ಯ ಇಲ್ಲ.

ಮರದಕೆಲಸ
ಆದ್ರೆ ಅವ್ರು ಪೇಜ್‌ಸ್ಪೀಡ್ ಸ್ಕೋರ್ (ಸೈಟ್ ವೇಗಕ್ಕೆ ಗೂಗಲ್ ನೂರಕ್ಕೆ ಕೊಡೋ ಅಂಕ) ತೋರ್ಸಿದ್ರಲ್ಲ, 96 ಬಂದಿತ್ತು, ಹಸಿರು ಸರ್ಕಲ್.

ಪಿಕ್ಸೆಲ್‌ಪುಟ್ಟ
ಡೆಸ್ಕ್‌ಟಾಪ್ ಟ್ಯಾಬ್ ಸ್ಕ್ರೀನ್‌ಶಾಟ್ ಇರತ್ತೆ ಅದು. ಪೇಜ್‌ಸ್ಪೀಡ್ ಇನ್‌ಸೈಟ್ಸ್ ತೆಗೆದ್ರೆ ಮೊದ್ಲು ಬರೋದೇ ಮೊಬೈಲ್ ಟ್ಯಾಬು, ಅದರಲ್ಲಿ ಸಾಧಾರಣ ಫೋನು, ನಿಧಾನದ 4ಜಿ ಅಂತ ಅಂದ್ಕೊಂಡು ಅಳೀತಾರೆ. ಆ ಟ್ಯಾಬನ್ನ ದಾಟಿ ಹೋಗಿ ಡೆಸ್ಕ್‌ಟಾಪಿಂದು ಶಾಟ್ ತೆಗೆದು ಕಳಿಸಿದಾರೆ ಅಂದ್ರೆ ಗೊತ್ತಿದ್ದೇ ಮಾಡಿದಾರೆ. ನೀವೇ ಅಡ್ರೆಸ್ ಹಾಕಿ ನೋಡಿ.

ಹಳೇಕೋಡರ್
ಸ್ಕೋರ್ ಬಗ್ಗೆ ಒಂದ್ ಮಾತು ಸೇರಿಸ್ತೀನಿ. ಆ ಸಂಖ್ಯೆ ಲ್ಯಾಬ್ ಟೆಸ್ಟು, ನಿಜವಾದ ಜನರದ್ದಲ್ಲ. ಮೇಲೆ ನಿಜವಾದ ಬಳಕೆದಾರರ ಡೇಟಾ ಅಂತ ಇನ್ನೊಂದ್ ಭಾಗ ಬರತ್ತೆ, ಕ್ರೋಮ್ ಬಳಸೋರಿಂದ ಕಳೆದ 28 ದಿನದ್ದು, ಆದ್ರೆ ಇಷ್ಟು ಚಿಕ್ಕ ಸೈಟಿಗೆ ವಿಸಿಟರ್ಸ್ ಸಾಲದೆ ಅಲ್ಲಿ ಸಾಮಾನ್ಯವಾಗಿ ಡೇಟಾನೇ ಇರಲ್ಲ. ಹಂಗಾಗಿ 70 ಇದ್ದಿದ್ದನ್ನ 95 ಮಾಡೋಕೆ ದುಡ್ಡು ಸುರೀಬೇಡಿ. ಹಳೇ ಫೋನಲ್ಲಿ ತೆಗೆದು ನೋಡಿ, ನಿಮಗೇ ಬೇಜಾರಾಗದಷ್ಟು ಬೇಗ ಬಂದ್ರೆ ಸಾಕು.

ಆದ್ರೆ ನಂಗೆ ಬೇರೆ ಅನುಮಾನ. ಫಾರ್ಮ್ ಮುರಿದಿತ್ತು ಸರಿ, ಫೋನ್ ಯಾಕೆ ಕಮ್ಮಿ ಆಯ್ತು? ಹಳೇ ಸೈಟಿನ ಪೇಜುಗಳ ಅಡ್ರೆಸ್ಸು ಹೊಸದ್ರಲ್ಲೂ ಅದೇ ಇದಾವಾ? "ಸೋಫಾ ರಿಪೇರಿ" ಅಂತ ಪ್ರತ್ಯೇಕ ಪೇಜ್ ಇತ್ತಾ?

ಮರದಕೆಲಸ
ಇತ್ತು ಸರ್, ಸೋಫಾಗೊಂದು, ಮಂಚಕ್ಕೊಂದು, ಪಾಲಿಶ್‌ಗೊಂದು. ಈಗ ಎಲ್ಲಾ ಒಂದೇ ಪೇಜಲ್ಲಿ ಬಂದಿದೆ, ಮಾಡರ್ನ್ ಸ್ಟೈಲ್ ಅಂದ್ರು. ಹಳೇ ಲಿಂಕ್ ಒತ್ತಿದ್ರೆ "404, ಅಯ್ಯೋ ದಾರಿ ತಪ್ಪಿದ್ರಾ" ಅಂತ ಒಂದು ಕಾರ್ಟೂನ್ ಬರತ್ತೆ.

ಹಳೇಕೋಡರ್
ಕಾರ್ಟೂನ್ ಚೆನ್ನಾಗಿರತ್ತೆ, ಗೂಗಲ್‌ಗೆ ಅದು ಅರ್ಥ ಆಗಲ್ಲ. ಇದೇ ನೋಡಿ ಫೋನ್ ನಿಂತಿದ್ದಕ್ಕೆ ಕಾರಣ, ಅಥವಾ ಮುಖ್ಯ ಕಾರಣ ಅಂತಿಟ್ಕೊಳ್ಳಿ. ಸೋಫಾ ರಿಪೇರಿ ಅಂತ ಹುಡುಕಿದೋರಿಗೆ ಗೂಗಲ್ ಇಷ್ಟು ವರ್ಷ ತೋರಿಸ್ತಿದ್ದು ಆ ಸೋಫಾ ಪೇಜನ್ನ. ಆ ಪೇಜ್ ಕೆಡವಿಬಿಟ್ರಿ, ಅದು ಎಲ್ಲಿಗೆ ಹೋಯ್ತು ಅಂತ ಹೇಳ್ಲಿಲ್ಲ. 301 ರೀಡೈರೆಕ್ಟ್ ಅಂತ ಇರತ್ತೆ, ಮನೆ ಬದಲಾಯಿಸ್ದಾಗ ಪೋಸ್ಟಾಫೀಸಲ್ಲಿ ಹೊಸ ವಿಳಾಸ ಕೊಟ್ಟು ಬರ್ತೀವಲ್ಲ ಹಂಗೆ. ಅದನ್ನ ಹಾಕಿದ್ರೆ ಹಳೇ ಪೇಜು ಗಳಿಸಿದ್ದ ಹೆಸರೆಲ್ಲ ಹೊಸ ಪೇಜಿಗೆ ಬರತ್ತೆ. ಕನಿಷ್ಠ ಒಂದು ವರ್ಷ ಇಡಿ ಅಂತ ಗೂಗಲ್ಲೇ ಹೇಳತ್ತೆ, ನಾನಂತೂ ಯಾವತ್ತೂ ತೆಗೀಬೇಡಿ ಅಂತೀನಿ, ಅದಕ್ಕೇನ್ ಖರ್ಚಿಲ್ಲ.

ಆದ್ರೆ ಎಲ್ಲಾ ಹಳೇ ಪೇಜನ್ನೂ ಹೋಮ್‌ಪೇಜಿಗೆ ತಿರುಗಿಸ್ಬೇಡಿ, ಅದನ್ನ ಗೂಗಲ್ ಎಷ್ಟೋ ಸಲ 404, ಅಂದ್ರೆ ಪೇಜೇ ಇಲ್ಲ ಅನ್ನೋ ಥರಾನೇ ನೋಡತ್ತೆ. ಸೋಫಾ, ಮಂಚ, ಪಾಲಿಶ್ ಮೂರಕ್ಕೂ ಮತ್ತೆ ಬೇರೆ ಬೇರೆ ಪೇಜ್ ಮಾಡ್ಸಿ, ಆಮೇಲೆ ಹಳೇದ್ರಿಂದ ಅದಕ್ಕೇ ರೀಡೈರೆಕ್ಟ್. ಹಳೇ ಪೇಜುಗಳ ಪಟ್ಟಿ ಬೇಕಂದ್ರೆ ಸರ್ಚ್ ಕನ್ಸೋಲ್‌ನಲ್ಲಿ (ಗೂಗಲ್ ಹುಡುಕಾಟದಲ್ಲಿ ಸೈಟ್ ಹೆಂಗ್ ಕಾಣ್ತಿದೆ ಅಂತ ಓನರ್‌ಗೆ ತೋರಿಸೋ ಗೂಗಲ್ ಟೂಲ್) 16 ತಿಂಗಳ ಲೆಕ್ಕ ಇರತ್ತೆ, ಬರವಣಿಗೆ ಬೇಕಂದ್ರೆ ವೇಬ್ಯಾಕ್ ಮಷೀನ್‌ನಲ್ಲಿ ಸೈಟಿನ ಹಳೇ ಕಾಪಿ ಸಿಗೋ ಚಾನ್ಸ್ ಇದೆ.

ಹೊಸಬ
ಒಂದೇ ಪೇಜ್ ಸೈಟ್ ತಪ್ಪು ಅಂತೀರಾ? ಈಗ ಎಲ್ಲಾ ಹಂಗೇ ಮಾಡ್ತಾರಲ್ಲ?

ಹಳೇಕೋಡರ್
ಒಂದೇ ಕೆಲಸ ಮಾಡೋರಿಗೆ ತಪ್ಪಲ್ಲ. ನಾಲ್ಕು ಥರ ಕೆಲಸ ಇದ್ದು ಜನ ನಾಲ್ಕು ಥರ ಹುಡುಕ್ತಾರೆ ಅಂದ್ರೆ ಒಂದೇ ಪೇಜಿಗೆ ಒಂದೇ ಟೈಟಲ್ ಇರೋದು, ಯಾವ್ದಕ್ಕೆ ಅಂತ ಕೊಡ್ತೀರಾ. ಅಂದಹಾಗೆ ಇವರ ಹೋಮ್‌ಪೇಜಿನ ಟೈಟಲ್ ನೋಡಿದ್ರಾ? "ಹೋಮ್". ಬ್ರೌಸರ್ ಟ್ಯಾಬಲ್ಲಿ ಹೋಮ್, ಗೂಗಲ್ ರಿಸಲ್ಟಲ್ಲೂ ಹೋಮ್. ಥೀಮ್ (ರೆಡಿಮೇಡ್ ಡಿಸೈನ್) ಜೊತೆ ಬಂದಿದ್ದನ್ನ ಯಾರೂ ಮುಟ್ಟಿಲ್ಲ.

ಅಂಗಡಿಲೆಕ್ಕ
ಹಳೇಕೋಡರ್ ಸರ್ ಹೇಳಿದ್ದಕ್ಕೆ ಸೇರಿಸ್ತಾ, ಇನ್ನೊಂದು ಚೆಕ್ ಮಾಡಿ. ವರ್ಡ್‌ಪ್ರೆಸ್ (ಸೈಟ್ ಕಟ್ಟೋ ಸಾಫ್ಟ್‌ವೇರ್) ಸೆಟ್ಟಿಂಗ್ಸಲ್ಲಿ ರೀಡಿಂಗ್ ಅನ್ನೋ ಕಡೆ ಸರ್ಚ್ ಎಂಜಿನ್‌ಗಳು ಈ ಸೈಟನ್ನ ತೋರಿಸೋದು ಬೇಡ ಅಂತ ಒಂದು ಟಿಕ್ ಬಾಕ್ಸ್ ಇರತ್ತೆ. ಸೈಟ್ ಕಟ್ಟೋವಾಗ ಅದಕ್ಕೆ ಟಿಕ್ ಹಾಕ್ತಾರೆ, ಲಾಂಚ್ ದಿನ ಖುಷೀಲಿ ತೆಗೆಯೋದು ಮರೀತಾರೆ. ತಿಂಗಳುಗಟ್ಟಲೆ ಹಂಗೇ ಇರೋ ಸೈಟುಗಳು ಬೇಕಾದಷ್ಟಿವೆ.

ಮರದಕೆಲಸ
ನೋಡಿದೆ, ಟಿಕ್ ಇಲ್ಲ. ದೇವ್ರು ದೊಡ್ಡೋನು. ಆದ್ರೆ ಸರ್ಚ್ ಕನ್ಸೋಲ್ ನಮ್ಮ ಹತ್ರ ಇಲ್ಲ, ಏಜೆನ್ಸಿಯೋರ ಅಕೌಂಟಲ್ಲಿದೆಯಂತೆ.

ಅಂಗಡಿಲೆಕ್ಕ
ಇದನ್ನ ಆಮೇಲೆ ಮಾತಾಡೋಣ, ಇದು ದೊಡ್ಡ ವಿಷ್ಯ.

ಕಣ್ಣುಮಂದ
ನಂಗೆ ದೃಷ್ಟಿ ಕಮ್ಮಿ, ಫೋನಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡು ಓದ್ತೀನಿ. ಇಂಥ ಸೈಟುಗಳ ಬಗ್ಗೆ ನಂದೂ ಸ್ವಲ್ಪ ಹೇಳ್ಬೇಕು, ಇಲ್ಲಿ ಡಿಸೈನರ್ಸ್ ಇದಾರಲ್ಲ ಕೇಳಿಸ್ಕೊಳ್ಳಿ. ಬಿಳಿ ಮೇಲೆ ತೆಳು ಬೂದು ಅಕ್ಷರ, ಅದೂ ಸಣ್ಣ ಸೈಜು, ಅದಕ್ಕೆ ಎಲಿಗೆಂಟ್ ಅಂತ ಹೆಸರು. ಸೈಟನ್ನ ಎಲ್ರೂ ಬಳಸೋ ಹಾಗಿರ್ಬೇಕು ಅಂತ ಮಾಡಿರೋ ಡಬ್ಲ್ಯುಸಿಎಜಿ ಅನ್ನೋ ಸ್ಟ್ಯಾಂಡರ್ಡ್ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಹಿನ್ನೆಲೆ ಜೊತೆ 4.5ಕ್ಕೆ 1 ಆದ್ರೂ ಕಾಂಟ್ರಾಸ್ಟ್ (ಬೆಳಕಿನ ವ್ಯತ್ಯಾಸ) ಬೇಕು. ಎಲ್ರೂ ಹಾಕೋ ಆ ಹ್ಯಾಶ್ 999 ಅನ್ನೋ ಕೋಡಿನ ಬೂದು ಬಣ್ಣ ಬಿಳಿ ಮೇಲೆ ಮೂರಕ್ಕೂ ಮುಟ್ಟಲ್ಲ. ವೆಬ್‌ಏಮ್ ಅನ್ನೋ ಸಂಸ್ಥೆಯವ್ರು ಪ್ರತಿ ವರ್ಷ ಹತ್ತು ಲಕ್ಷ ಹೋಮ್‌ಪೇಜ್ ಪರೀಕ್ಷೆ ಮಾಡ್ತಾರೆ, 2024ರಲ್ಲಿ ನೂರಕ್ಕೆ 81 ಪೇಜಲ್ಲಿ ಈ ಕಾಂಟ್ರಾಸ್ಟ್ ತಪ್ಪು ಸಿಕ್ಕಿತ್ತು, ಎಲ್ಲಾ ತಪ್ಪಿಗಿಂತ ಜಾಸ್ತಿ ಇದೇ.

ನನ್ನಂಥವ್ರು ಕಮ್ಮಿ ಜನ ಅನ್ಬೇಡಿ. ಬಿಸಿಲಲ್ಲಿ ನಿಂತು ಫೋನ್ ನೋಡೋ ಎಲ್ರೂ ಆ ಹೊತ್ತಿಗೆ ನನ್ನಂಥವ್ರೇ. ಮತ್ತೆ ಹಳೇ ಫರ್ನಿಚರ್ ರಿಪೇರಿ ಮಾಡ್ಸೋರು ಯಾರು? ಹೊಸದು ಬೇಡ, ಅಪ್ಪ ಮಾಡ್ಸಿದ್ದು ಇದೇ ಇರ್ಲಿ ಅನ್ನೋರು, ಸ್ವಲ್ಪ ವಯಸ್ಸಾದೋರೇ ಜಾಸ್ತಿ ಇರ್ತಾರೆ. ಅವ್ರಿಗೆ ಚಾಳೀಸ್ ಹಾಕ್ಕೊಂಡ್ರೂ ಕಾಣದ ಅಕ್ಷರ ಇಟ್ರೆ ಹೆಂಗೆ.

ಫಾರ್ಮಲ್ಲೂ ಒಂದು ಕಾಟ ಇದೆ. ಬಾಕ್ಸ್ ಒಳಗಡೆನೇ ಹೆಸರು, ಫೋನ್ ಅಂತ ಮಸುಕಾಗಿ ಬರೆದಿರ್ತಾರೆ, ಟೈಪ್ ಶುರು ಮಾಡಿದ್ರೆ ಅದು ಮಾಯ, ಯಾವ ಬಾಕ್ಸಲ್ಲಿ ಏನ್ ತುಂಬ್ತಾ ಇದೀನಿ ಅಂತ ನೆನಪಿಟ್ಕೋಬೇಕು. ಬಾಕ್ಸಿನ ಮೇಲ್ಗಡೆ ಹೊರಗೆ ಬರೀರಪ್ಪ, ಜಾಗ ಏನು ಬಾಡಿಗೆಗೆ ತಗೊಂಡಿದೀರಾ.

ಪಿಕ್ಸೆಲ್‌ಪುಟ್ಟ
ಒಪ್ಪಿದೆ ಸರ್. ಬೂದು ಬೇಕೇ ಬೇಕು ಅನ್ನೋರು ಹ್ಯಾಶ್ 767676ಕ್ಕಿಂತ ತೆಳುವಿಗೆ ಹೋಗ್ಬೇಡಿ, ಬಿಳಿ ಮೇಲೆ ಅದು 4.5ನ್ನ ಕೂದಲೆಳೆಯಲ್ಲಿ ದಾಟತ್ತೆ. ಫಾರ್ಮಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ರೆ ಐಫೋನಲ್ಲಿ ಬಾಕ್ಸ್ ಮುಟ್ಟಿದ ತಕ್ಷಣ ಪೇಜ್ ಪೂರ್ತಿ ಜೂಮ್ ಆಗಿ ಪಕ್ಕಕ್ಕೆ ಜಾರತ್ತೆ, ಇವರ ಸೈಟಲ್ಲೂ ಅದಿದೆ. ಫೋನ್ ನಂಬರ್ ಬಾಕ್ಸಿಗೆ ಎಬಿಸಿಡಿ ಕೀಬೋರ್ಡ್ ಬರ್ತಿದೆ, ಕೋಡಲ್ಲಿ ಟೈಪ್ ಟೆಲ್ ಅಂತ ಕೊಟ್ರೆ ನಂಬರ್ ಪ್ಯಾಡ್ ಬರತ್ತೆ, ಒಂದ್ ಪದದ ಕೆಲಸ.

ಮತ್ತೆ ಮೇಲಿರೋ ಫೋನ್ ನಂಬರು ಇಮೇಜ್ ಒಳಗಿದೆ!! ಒತ್ತಿದ್ರೆ ಕಾಲ್ ಹೋಗಲ್ಲ, ಕಾಪಿ ಮಾಡೋಕೂ ಆಗಲ್ಲ. ಫೋನಲ್ಲಿ ಸೈಟ್ ನೋಡ್ತಿರೋ ಮನುಷ್ಯ ಅದೇ ಫೋನಿಂದ ಕಾಲ್ ಮಾಡೋಕೆ ನಂಬರ್ ಬಾಯಿಪಾಠ ಮಾಡ್ಬೇಕಾ.

ಮರದಕೆಲಸ
ಅಯ್ಯೋ. ಇದು ನಂಗೆ ಗಮನಕ್ಕೇ ಬಂದಿರ್ಲಿಲ್ಲ, ನಮ್ಮ ನಂಬರ್ ನಂಗೆ ಗೊತ್ತಲ್ಲ ಒತ್ತಿ ನೋಡೇ ಇಲ್ಲ. ಸ್ಕ್ರೋಲ್ ಮಾಡಿದ್ರೆ ತೇಲ್ಕೊಂಡು ಬರೋದು ಇಟ್ಕೋಬಹುದಾ? ಪಾರ್ಟ್‌ನರ್‌ಗೆ ಅದು ತುಂಬಾ ಇಷ್ಟ.

ಹಳೇಕೋಡರ್
ಅದು ಹೆಂಗ್ ಕೆಲಸ ಮಾಡತ್ತೆ ಅಂದ್ರೆ ಮೊದ್ಲು ಎಲ್ಲಾ ಅಕ್ಷರನೂ ಅದೃಶ್ಯ ಮಾಡಿಟ್ಟಿರ್ತಾರೆ, ಜಾವಾಸ್ಕ್ರಿಪ್ಟ್ ಬಂದ್ಮೇಲೆ ಒಂದೊಂದೇ ತೋರಿಸತ್ತೆ. ಸ್ಕ್ರಿಪ್ಟ್ ಬರೋದು ತಡ ಆದ್ರೆ ಅಥವಾ ಅದರಲ್ಲಿ ಎಲ್ಲೋ ಎರರ್ ಬಂದ್ರೆ ಪೇಜು ಖಾಲಿ. ಓದೋಕೆ ಬಂದೋರನ್ನ ಕಾಯ್ಸಿ ಅಕ್ಷರ ತೋರ್ಸೋದು ನಂಗೆ ಯಾವತ್ತೂ ಅರ್ಥ ಆಗಿಲ್ಲ. ಜೊತೆಗೆ ಹಿಂಗೆ ಓಲಾಡೋ ಸ್ಕ್ರೀನ್ ನೋಡಿದ್ರೆ ತಲೆಸುತ್ತು ಬರೋರು ಇದಾರೆ, ಅವ್ರು ಫೋನ್ ಸೆಟ್ಟಿಂಗಲ್ಲಿ ಅನಿಮೇಶನ್ ಕಮ್ಮಿ ಮಾಡಿ ಅಂತ ಇಟ್ಟಿರ್ತಾರೆ, ಸೈಟ್ ಅದನ್ನ ಪಾಲಿಸ್ಬೇಕು. ತಾನಾಗೇ ಓಡೋ ಸ್ಲೈಡರ್ ಐದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಓಡ್ತಿದ್ರೆ ನಿಲ್ಲಿಸೋ ಬಟನ್ ಇರಲೇಬೇಕು ಅಂತಾನೂ ಡಬ್ಲ್ಯುಸಿಎಜಿಯಲ್ಲಿದೆ, ಇವರದ್ರಲ್ಲಿ ಇಲ್ಲ.

ಬರಹದವಳು
ನಾನು ಹೇಳ್ಬೇಕು ಅಂದ್ಕೊಂಡಿದ್ದು ಬೆಲೆ ವಿಷ್ಯ. ಸೈಟಲ್ಲಿ ಎಲ್ಲೂ ರೇಟ್ ಇಲ್ಲ, "ಸಂಪರ್ಕಿಸಿ" ಅಂತ ಇದೆ ಅಷ್ಟೇ. ಏನೂ ಹೇಳಿಲ್ಲ ಅಂದ್ರೆ ಜನ ತುಂಬಾ ದುಬಾರಿ ಇರ್ಬೇಕು ಅಂದ್ಕೊಂಡು ಹೋಗ್ಬಿಡ್ತಾರೆ.

ಅಂಗಡಿಲೆಕ್ಕ
ಮೇಡಂ ಇದನ್ನ ನಾನು ಒಪ್ಪಲ್ಲ. ರಿಪೇರಿ ಕೆಲಸದಲ್ಲಿ ನೋಡದೆ ರೇಟ್ ಹೇಳೋಕೆ ಆಗಲ್ಲ. ಒಂದ್ ಸೋಫಾಗೆ ಬರೀ ಸ್ಪ್ರಿಂಗ್ ಇರತ್ತೆ, ಇನ್ನೊಂದಕ್ಕೆ ಒಳಗೆ ಮರಾನೇ ಗೆದ್ದಲು ತಿಂದಿರತ್ತೆ. ಸೈಟಲ್ಲಿ ಒಂದ್ ರೇಟ್ ಹಾಕಿ ಮನೆಗೆ ಹೋಗಿ ಮೂರು ಪಟ್ಟು ಕೇಳಿದ್ರೆ ಮೋಸ ಅಂತಾರೆ. ಪಕ್ಕದ ಕಾಂಪಿಟೇಟರ್ ಅದನ್ನೇ ನೋಡಿ ಸ್ವಲ್ಪ ಕಮ್ಮಿಗೆ ಹಾಕ್ತಾನೆ.

ಬರಹದವಳು
ಒಂದೇ ರೇಟ್ ಹಾಕಿ ಅಂದಿಲ್ಲ ಅಣ್ಣ. ಎಷ್ಟರಿಂದ ಶುರು, ಯಾವ್ದರಿಂದ ಜಾಸ್ತಿ ಆಗತ್ತೆ, ಬಂದು ನೋಡೋಕೆ ಚಾರ್ಜ್ ಇದೆಯಾ ಇಲ್ವಾ, ಇಷ್ಟು ಬರೆದ್ರೆ ಸಾಕು. ಆ ಗೆದ್ದಲಿನ ವಿಷ್ಯ ಹೇಳಿದ್ರಲ್ಲ, ಅದನ್ನೇ ಸೈಟಲ್ಲಿ ಬರೀರಿ, "ಒಳಗಿನ ಮರ ಹಾಳಾಗಿದ್ರೆ ಖರ್ಚು ಜಾಸ್ತಿ, ಬಿಚ್ಚಿ ತೋರಿಸಿ ಆಮೇಲೆ ಹೇಳ್ತೀವಿ" ಅಂತ. ಓದಿದೋರಿಗೆ ಇವ್ರಿಗೆ ಕೆಲಸ ಗೊತ್ತು ಅನ್ಸತ್ತೆ, ಸ್ಟಾಕ್ ಫೋಟೋದಲ್ಲಿ ನಗ್ತಾ ನಿಂತಿರೋ ಹೆಲ್ಮೆಟ್ ಮನುಷ್ಯನಿಗಿಂತ ಅದು ಮೇಲು. ಅಲ್ಲಾ ಸರ್, ಸೋಫಾ ರಿಪೇರಿಗೆ ಹೆಲ್ಮೆಟ್ ಯಾಕೆ 😂

ಅಂಗಡಿಲೆಕ್ಕ
ಹೆಲ್ಮೆಟ್ ವಿಷ್ಯ ಒಪ್ಪಿದೆ. ರೇಟ್ ವಿಷ್ಯ ಇನ್ನೂ ಒಪ್ಪಿಲ್ಲ, ಆದ್ರೆ ಬಂದು ನೋಡೋ ಚಾರ್ಜ್ ಬರೀಲೇಬೇಕು, ಅದು ಸರಿ.

ಈಗ ದೊಡ್ಡ ವಿಷ್ಯಕ್ಕೆ ಬರ್ತೀನಿ. @ಮರದಕೆಲಸ, ಸರ್ಚ್ ಕನ್ಸೋಲ್ ಏಜೆನ್ಸಿ ಹತ್ರ ಅಂದ್ರಿ. ಡೊಮೈನ್ ಯಾರ ಹೆಸ್ರಲ್ಲಿದೆ? ಹೋಸ್ಟಿಂಗ್ ಲಾಗಿನ್ ಯಾರ ಹತ್ರ? ಗೂಗಲ್ ಬಿಸಿನೆಸ್ ಪ್ರೊಫೈಲ್ ಯಾರ ಮೇಲ್ ಐಡಿಲಿದೆ?

ಮರದಕೆಲಸ
ಪ್ರೊಫೈಲ್ ನಮ್ಮ ಹತ್ರನೇ ಇದೆ. ಡೊಮೈನ್ ಮುಂಚೆ ನಮ್ದೇ ಇತ್ತು, ಹೊಸ ಸೈಟ್ ಮಾಡೋವಾಗ ಟ್ರಾನ್ಸ್‌ಫರ್ ಮಾಡ್ಕೊಂಡ್ರು, ಮ್ಯಾನೇಜ್ ಮಾಡೋಕೆ ಸುಲಭ ಅಂತ.

ಅಂಗಡಿಲೆಕ್ಕ
ಅದನ್ನ ವಾಪಸ್ ತಗೊಳ್ಳಿ. ಜಗಳ ಆಡೋಕೆ ಮುಂಚೆ, ಮಾತು ಚೆನ್ನಾಗಿರೋವಾಗ್ಲೇ. ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಲ್ಲಿ ರಿಜಿಸ್ಟ್ರಾರ್ (ಡೊಮೈನ್ ಮಾರೋ ಕಂಪನಿ) ಅಕೌಂಟ್ ಮಾಡಿ, ಏಜೆನ್ಸಿಯೋರಿಂದ ಆಥ್ ಕೋಡ್ (ಡೊಮೈನ್ ಬಿಟ್ಟುಕೊಡೋ ಗುಟ್ಟಿನ ಕೋಡ್) ಕೇಳಿ ಟ್ರಾನ್ಸ್‌ಫರ್ ಹಾಕಿ. ಒಂದ್ಸಲ ಟ್ರಾನ್ಸ್‌ಫರ್ ಆದ್ಮೇಲೆ ಸಾಮಾನ್ಯವಾಗಿ 60 ದಿನ ಮತ್ತೆ ಬೇರೆ ರಿಜಿಸ್ಟ್ರಾರ್‌ಗೆ ಹೋಗೋಕೆ ಬಿಡಲ್ಲ, ನಿಮ್ದು ಅಷ್ಟು ದಿನ ಕಳೆದಿರತ್ತೆ ಬಿಡಿ. ಅದೇ ರಿಜಿಸ್ಟ್ರಾರ್ ಒಳಗೇ ಇನ್ನೊಂದ್ ಅಕೌಂಟಿಗೆ ತಳ್ಳೋದಾದ್ರೆ ಇನ್ನೂ ಸುಲಭ. ಆಟೋ ರಿನ್ಯೂವಲ್ ಆನ್ ಮಾಡಿ. ಸೈಟ್ ಹಾಳಾದ್ರೆ ಇನ್ನೊಂದ್ ಕಟ್ಟಬಹುದು, ಡೊಮೈನ್ ಹೋದ್ರೆ ಬೋರ್ಡು, ವಿಸಿಟಿಂಗ್ ಕಾರ್ಡು, ಇಮೇಲು ಎಲ್ಲಾ ಹೋದಂಗೆ.

ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮನ್ನ ಓನರ್ ಅಂತ ಸೇರ್ಸೋಕೆ ಹೇಳಿ. ಅವ್ರು ತಡ ಮಾಡಿದ್ರೆ ಡಿಎನ್‌ಎಸ್ ಕೈಗೆ ಬಂದ್ಮೇಲೆ ನೀವೇ ವೆರಿಫೈ ಮಾಡ್ಕೋಬಹುದು, ಹಳೇ ಡೇಟಾನೂ ಕಾಣತ್ತೆ.

ಸರ್ವರ್‌ರೂಮ್
ಡೊಮೈನ್ ತಗೊಳ್ಳೋವಾಗ ಡಿಎನ್‌ಎಸ್ ರೆಕಾರ್ಡುಗಳನ್ನ ಪೂರ್ತಿ ಕಾಪಿ ಮಾಡಿಟ್ಕೊಳ್ಳಿ, ಎಂಎಕ್ಸ್ ರೆಕಾರ್ಡ್ (ಇಮೇಲ್ ಯಾವ ಸರ್ವರಿಗೆ ಬರ್ಬೇಕು ಅನ್ನೋದು) ಬಿಟ್ಟೋದ್ರೆ ಇಮೇಲ್ ನಿಂತೋಗತ್ತೆ. ಈಗಿರೋ ತಲೆನೋವಿನ ಮೇಲೆ ಅದೊಂದ್ ಬೇಡ.

ಮರದಕೆಲಸ
ಎಲ್ಲರಿಗೂ ದೊಡ್ಡ ನಮಸ್ಕಾರ. ಏಜೆನ್ಸಿಯೋರ ಜೊತೆ ಮಾತಾಡಿದೆ. ಫಾರ್ಮ್ ಸರಿ ಮಾಡಿದಾರೆ, ಯಾಹೂ ಅಡ್ರೆಸ್ಸಿಂದ ಕಳಿಸಿ ನೋಡಿದೆ, ಇನ್‌ಬಾಕ್ಸಿಗೇ ಬಂತು. ಫೋನ್ ನಂಬರ್ ಒತ್ತಿದ್ರೆ ಕಾಲ್ ಹೋಗ್ತಿದೆ. ಸ್ಪ್ಯಾಮಲ್ಲಿದ್ದ ಎಲ್ರಿಗೂ ಫೋನ್ ಮಾಡಿ ತಡ ಆಯ್ತು ಅಂತ ಹೇಳಿದೆ, ಹೆಚ್ಚಿನವ್ರು ಬೇರೆ ಕಡೆ ಕೊಟ್ಟಾಗಿದೆ, ಒಬ್ರು ಮಾತ್ರ ಬಂದು ನೋಡಿ ಅಂದ್ರು. ಡೊಮೈನ್ ಕೊಡ್ತೀವಿ ಅಂದಿದಾರೆ, ಇನ್ನೂ ಕೋಡ್ ಬಂದಿಲ್ಲ. ಬೇರೆ ಬೇರೆ ಪೇಜ್ ಮಾಡೋದಕ್ಕೆ ಎಕ್ಸ್‌ಟ್ರಾ ಚಾರ್ಜ್ ಕೇಳ್ತಿದಾರೆ. ರೀಡೈರೆಕ್ಟ್ ಹಾಕಿದ ತಕ್ಷಣ ಗೂಗಲ್‌ನಲ್ಲಿ ಮೊದಲಿನ ಜಾಗ ಸಿಗತ್ತಾ?

ಹಳೇಕೋಡರ್
ತಕ್ಷಣ ಸಿಗಲ್ಲ. ಗೂಗಲ್ ಮತ್ತೆ ಬಂದು ಹಳೇ ಅಡ್ರೆಸ್ ಬಡಿದು ನೋಡ್ಬೇಕು, ಚಿಕ್ಕ ಸೈಟಿಗೆ ವಾರಗಳು ಹಿಡಿಯತ್ತೆ. ಪೂರ್ತಿ ಮೊದಲಿನ ಥರ ಆಗತ್ತೆ ಅಂತ ಯಾರಾದ್ರೂ ಗ್ಯಾರಂಟಿ ಕೊಟ್ರೆ ನಂಬ್ಬೇಡಿ. ಎಕ್ಸ್‌ಟ್ರಾ ಚಾರ್ಜ್ ಬಗ್ಗೆ, ಪೇಜಿನ ಕೆಲಸಕ್ಕೆ ಕೇಳಿದ್ರೆ ನ್ಯಾಯ, ರೀಡೈರೆಕ್ಟಿಗೆ ಕೇಳಿದ್ರೆ ಕೊಡ್ಬೇಡಿ, ಅದು ಸೈಟ್ ಬದಲಾಯಿಸೋ ಕೆಲಸದಲ್ಲೇ ಸೇರಿರ್ಬೇಕಾಗಿದ್ದು.

ಮರದಕೆಲಸ
ಸರಿ ಸರ್. ಕೊನೇದಾಗಿ ಒಂದು, ಸ್ಲೈಡರ್ ತೆಗೆಯೋಕೆ ಪಾರ್ಟ್‌ನರ್ ಒಪ್ಪಿದ್ರು, ವಿಡಿಯೋ ಮಾತ್ರ ಇರಲೇಬೇಕು ಅಂತ ಹಠ. ಅದರಲ್ಲಿ ಅವ್ರೇ ಪಾಲಿಶ್ ಹೊಡೀತಿದಾರೆ ಅದಕ್ಕೆ.

ಪಿಕ್ಸೆಲ್‌ಪುಟ್ಟ
ಅಯ್ಯೋ ಅವ್ರೇ ಹೊಡೀತಿದಾರೆ ಅಂದ್ರೆ ಇಟ್ಕೊಳ್ಳಿ ಸರ್, ಸ್ಟಾಕ್ ವಿಡಿಯೋ ಅಂದ್ಕೊಂಡಿದ್ದೆ. ಹೋಮ್‌ಪೇಜ್ ತುದಿಯಿಂದ ತೆಗೆದು ಪಾಲಿಶ್ ಪೇಜಿಗೆ ಹಾಕಿ, ತಾನಾಗೇ ಓಡ್ಬಾರ್ದು, ಮೊದ್ಲು ಒಂದ್ ಸ್ಟಿಲ್ ಫೋಟೋ, ಪ್ಲೇ ಒತ್ತಿದ್ರೆ ಮಾತ್ರ ವಿಡಿಯೋ ಲೋಡ್ ಆಗ್ಲಿ. ಹೋಮ್‌ಪೇಜಿಗೆ ಅದೇ ವಿಡಿಯೋದಿಂದ ಪಾರ್ಟ್‌ನರ್ ಮುಖ ಕಾಣೋ ಒಂದ್ ಫ್ರೇಮ್ ತೆಗೆದು ಆ ಹೆಲ್ಮೆಟ್ ಮನುಷ್ಯನ ಜಾಗಕ್ಕೆ ಹಾಕ್ಬಿಡಿ. ಆ ಮೇಲಿನ ಫೋಟೋಗೆ ಲೇಜಿ ಲೋಡ್ (ಸ್ಕ್ರೋಲ್ ಮಾಡಿ ಹತ್ರ ಬಂದಾಗ ಮಾತ್ರ ಫೋಟೋ ಲೋಡ್ ಆಗೋದು) ಹಾಕ್ಬೇಡಿ ಅಂತ ಡೆವಲಪರ್‌ಗೆ ಹೇಳಿ, ಕೆಳಗಿನ ಗ್ಯಾಲರಿಗೆ ಮಾತ್ರ ಹಾಕ್ಲಿ.